ನೀರಿಗೆ ತೊಡಿಸಿದ ಒಡವೆ

ನಮ್ಮ ಸೀಮೆಯ ಒಂದು ಊರಿನ ಬಸ್‌ಸ್ಟ್ಯಾಂಡ್ ಎದುರಿನ ಸರ್ಕಲ್ಲಿನಲ್ಲಿ ಒಂದು ಕಾರಂಜಿ ಇದೆ. ಊರಿನ ಹೆಸರು ಹೇಳೋಲ್ಲ. ಹೇಳಿದರೆ ಪಕ್ಕದೂರಿನವರು ನಗುತ್ತಾರೆ, ತಮ್ಮೂರಿನಲ್ಲೂ ಅಂಥದ್ದೇ ಒಂದಿದೆ ಅನ್ನೋದನ್ನ ಮರೆತು. ಅದರ ಉದ್ಘಾಟನೆಯ ದಿನ ನಾನೂ ಜನರ ನಡುವೆ ನಿಂತಿದ್ದೆ. ಟ್ಯಾಂಕರಿನಲ್ಲಿ ನೀರು ತರಿಸಿ ತೊಟ್ಟಿ ತುಂಬಿಸಿದ್ದರು. ದೊಡ್ಡವರು ಗುಂಡಿ ಒತ್ತಿದರು, ನೀರು ಆಳೆತ್ತರ ಚಿಮ್ಮಿತು, ಕೆಂಪು ಹಸಿರು ದೀಪ ಹತ್ತಿದವು, ಹುಡುಗರು ಕೇಕೆ ಹಾಕಿದರು. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ನೀರು ಮೇಲಕ್ಕೆ ಹಾರುವುದನ್ನು ಕಂಡರೆ ಯಾರಿಗೆ ತಾನೇ ಖುಷಿಯಾಗೋಲ್ಲ? ಆದರೆ ಮನೆಗೆ ಬಂದರೆ ಅಡುಗೆಮನೆಯಲ್ಲಿ ಕೊಡಗಳು ಬಾಯಿ ತೆರೆದುಕೊಂಡು ಕೂತಿದ್ದವು. ಆ ವಾರ ನಮ್ಮ ಬೀದಿಯ ನಲ್ಲಿಗೆ ನೀರು ಬಿಟ್ಟಿರಲಿಲ್ಲ.

ಕೆಲವೇ ತಿಂಗಳಲ್ಲಿ ಕಾರಂಜಿಯ ಮೋಟಾರು ಕೆಟ್ಟಿತು. ಈಗ ತೊಟ್ಟಿಯಲ್ಲಿ ಟೀ ಕಪ್ಪುಗಳು, ಗುಟ್ಕಾ ಚೀಟಿ, ಮಳೆ ಬಂದಾಗ ಒಂದಿಷ್ಟು ಸೊಳ್ಳೆ. ಮಧ್ಯದಲ್ಲಿ ಸಿಮೆಂಟಿನ ಕಮಲ. ಬೇಸಿಗೆಯಲ್ಲಿ ಆ ಕಮಲದ ನೆರಳಿಗೆ ಒಂದು ನಾಯಿ ಮಲಗಿರುತ್ತೆ. ಇವತ್ತಿನ ಮಟ್ಟಿಗೆ ಆ ಕಾರಂಜಿಯಿಂದ ಪ್ರಯೋಜನ ಆಗಿರುವುದು ಅದಕ್ಕೊಂದಕ್ಕೇ.

ಇದನ್ನು ಬರೆಯುತ್ತಿರುವುದು ಪುರಸಭೆಯನ್ನು ಬೈಯೋದಕ್ಕಲ್ಲ. ಬೈಯುವ ಕೆಲಸಕ್ಕೆ ಬೇರೆ ಜನ ಇದ್ದಾರೆ. ನನ್ನ ಪ್ರಶ್ನೆ ಬೇರೆ. ಅರಸೀಕೆರೆ, ಹಳೇಬೀಡು, ಬೇಲೂರಿನ ಈ ಸೀಮೆಯಲ್ಲಿ ಒಂದು ಕಾಲಕ್ಕೆ ನೀರಿಗೆ ಒಡವೆ ತೊಡಿಸುವುದು ಹೇಗೆ ಅಂತ ಚೆನ್ನಾಗಿ ಗೊತ್ತಿತ್ತು. ಆ ತಿಳಿವಳಿಕೆ ಎಲ್ಲಿ ಹೋಯಿತು? ಅದಕ್ಕಿಂತ ಕಷ್ಟದ ಇನ್ನೊಂದು ಪ್ರಶ್ನೆ: ಆ ಒಡವೆಯನ್ನು ಹತ್ತಿರದಿಂದ ನೋಡುವ ಹಕ್ಕು ಯಾರಿಗಿತ್ತು?

ಮೊದಲು ಊರಿನ ಹೆಸರುಗಳನ್ನೇ ನೋಡಿ. ಅರಸೀಕೆರೆ ಅಂದರೆ ಅರಸಿಯ ಕೆರೆ. ಹೊಯ್ಸಳರ ಮನೆತನದ ಒಬ್ಬ ಅರಸಿ ಕಟ್ಟಿಸಿದ ಕೆರೆಯಿಂದ ಊರಿಗೆ ಆ ಹೆಸರು ಬಂತು ಎನ್ನುತ್ತಾರೆ. ಗಂಡಸರ ಹೆಸರು, ಬಿರುದು, ಗೆದ್ದ ಯುದ್ಧ ಎಲ್ಲ ಶಾಸನದಲ್ಲಿವೆ. ಊರು ಮಾತ್ರ ನೆನಪಿಟ್ಟುಕೊಂಡದ್ದು ಆಕೆಯ ಕೆರೆಯನ್ನು. ಹಳೇಬೀಡು ಅನ್ನುವುದು ಆಮೇಲಿನ ಹೆಸರು, ಹಾಳಾದ ಮೇಲೆ ಜನ ಇಟ್ಟದ್ದು. 1311ರಲ್ಲಿ ಮಲಿಕ್ ಕಾಫರನ ದಂಡು ಬಂದಾಗ ಅದು ಇನ್ನೂ ದೋರಸಮುದ್ರ, ಹೊಯ್ಸಳರ ರಾಜಧಾನಿ. ಸಮುದ್ರ ಅಂದರೆ ಇಲ್ಲಿ ಕೆರೆಯೇ. ಒಂದು ರಾಜಧಾನಿ ತನ್ನ ಅರಮನೆಯ ಹೆಸರನ್ನೋ ದೇವರ ಹೆಸರನ್ನೋ ಇಟ್ಟುಕೊಳ್ಳದೆ ಕೆರೆಯ ಹೆಸರಲ್ಲಿ ಕರೆಸಿಕೊಂಡಿತು. ಅದರ ಮಗ್ಗುಲಿನ ಹಳ್ಳಿ ಹುಳಿಕೆರೆ, ಅಲ್ಲೂ ಕೆರೆ. ಬೇಲೂರು ಯಗಚಿ ಹೊಳೆಯ ದಂಡೆಯ ಊರು. ಈ ಭಾಗದಲ್ಲಿ ನೀರಿಲ್ಲದೆ ಊರೂ ಇಲ್ಲ, ಹೆಸರೂ ಇಲ್ಲ.

ಆದರೂ ನಾವು ಹೊಯ್ಸಳರನ್ನು ಓದುವುದು ಗೋಡೆಯ ಮೇಲೆ ಮಾತ್ರ. ಹೊಯ್ಸಳೇಶ್ವರ ದೇವಸ್ಥಾನಕ್ಕೆ ಯಾವ ದಿನ ಹೋದರೂ ಇದೇ ದೃಶ್ಯ. ಗೈಡು ಕೋಲು ಹಿಡಿದು ತಳದಿಂದ ಶುರು ಮಾಡುತ್ತಾನೆ: ಆನೆ ಸಾಲು, ಸಿಂಹದ ಸಾಲು, ಬಳ್ಳಿ, ಕುದುರೆ, ಅದರ ಮೇಲೆ ರಾಮಾಯಣ ಮಹಾಭಾರತ, ಆಮೇಲೆ ಮಕರ, ಹಂಸ. ಜನ ಕತ್ತೆತ್ತಿ ನೋಡುತ್ತಾರೆ, ಫೋಟೊ ಹೊಡೆಯುತ್ತಾರೆ. ಮಕರವೂ ಹಂಸವೂ ನೀರಿನ ಪ್ರಾಣಿಗಳು, ಇಡೀ ಗುಡಿ ಕೂತಿರುವುದೇ ಒಂದು ದೊಡ್ಡ ಕೆರೆಯ ದಂಡೆಯಲ್ಲಿ ಅಂತ ಯಾರೂ ಆ ಕಡೆ ತಿರುಗುವುದಿಲ್ಲ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಮೂರು ದೇವಸ್ಥಾನಗಳು ಯುನೆಸ್ಕೊ ಪಟ್ಟಿಗೆ ಸೇರಿದವು. ಸಂತೋಷದ ವಿಷಯವೇ. ಆದರೆ ಆ ಪಟ್ಟಿಯ ಮೂರೂ ಹೆಸರು ದೇವಸ್ಥಾನದವು. ಹುಳಿಕೆರೆಯ ಕಲ್ಯಾಣಿ ಅದರಲ್ಲಿಲ್ಲ.

ನನ್ನ ಲೆಕ್ಕದಲ್ಲಿ ಈ ಸೀಮೆಯಲ್ಲಿ ನೀರಿಗಾಗಿ ಮಾಡಿದ ಅತಿ ಒಳ್ಳೆಯ ಶಿಲ್ಪ ಅದು. ನಾನು ಮೊದಲ ಸಲ ಅಲ್ಲಿಗೆ ಹೋದದ್ದು ನಮ್ಮ ಅಜ್ಜಿಯ ಜೊತೆ. ಅಜ್ಜಿ ಹುಟ್ಟಿ ಬೆಳೆದದ್ದು ಅರಸೀಕೆರೆ ಕಡೆಯ ಒಂದು ಹಳ್ಳಿಯಲ್ಲಿ. ಎಪ್ಪತ್ತು ದಾಟಿದ ಮೇಲೂ ಬೇಲೂರು ಹಳೇಬೀಡು ನೋಡಿರಲಿಲ್ಲ. ದೇಶವಿದೇಶದವರು ಬಂದು ನೋಡುವ ಜಾಗವನ್ನು ಬಸ್ಸಿನ ದೂರದಲ್ಲಿದ್ದುಕೊಂಡು ನೋಡದವರು ನಮ್ಮಲ್ಲಿ ಬೇಕಾದಷ್ಟು ಜನ. ಒಂದು ಬಾಡಿಗೆ ಕಾರು ಮಾಡಿ, ಜಾವಗಲ್ ಮೇಲೆ ಹೊರಟೆವು. ಹಳೇಬೀಡಿನಲ್ಲಿ ಅಜ್ಜಿ ಅರ್ಧ ಗೋಡೆ ನೋಡಿ, "ಕಣ್ ನೋಯ್ತವೆ ಕಣ್ ಮಗ, ಅಷ್ಟೊಂದ್ ಐತೆ" ಅಂತ ಕಲ್ಲುಕಟ್ಟೆಯ ಮೇಲೆ ಕೂತುಬಿಟ್ಟರು. ಪಂಡಿತರು ಮುಲಾಜಿಗೆ ಹೇಳದೆ ಬಿಟ್ಟ ಮಾತು ಅದು. ಹಳೇಬೀಡಿನ ಗೋಡೆ ಉಸಿರಾಡಲು ಜಾಗ ಕೊಡುವುದಿಲ್ಲ.

ಹುಳಿಕೆರೆಗೆ ಹೋಗೋಣ ಅಂದಾಗ ಡ್ರೈವರ್ ಹುಡುಗ, "ಅಲ್ಲೇನೈತೆ ಸಾ, ಬರೀ ಗುಂಡಿ" ಅಂದ. ಅವನು ಹೇಳಿದ್ದು ಪೂರ್ತಿ ತಪ್ಪಲ್ಲ. ದೇವಸ್ಥಾನ ದೂರದಿಂದಲೇ ಕರೆಯುತ್ತೆ, ಕಲ್ಯಾಣಿ ಕರೆಯೋದಿಲ್ಲ. ಅದು ನೆಲದೊಳಗೆ ಇಳಿದಿದೆ. ಅಂಚಿಗೆ ಹೋಗಿ ನಿಂತ ಮೇಲೆಯೇ ಕಾಣುವುದು. ಹನ್ನೆರಡನೇ ಶತಮಾನದ ಚೌಕದ ಕೊಳ. ನಾಲ್ಕೂ ಕಡೆಯಿಂದ ಮೆಟ್ಟಿಲು ಸಾಲುಸಾಲಾಗಿ ನೀರಿಗೆ ಇಳಿಯುತ್ತವೆ. ಆ ಸಾಲುಗಳ ಮೇಲೆ ಅಲ್ಲಲ್ಲಿ ಮಕ್ಕಳ ಆಟಕ್ಕೆ ಮಾಡಿದಷ್ಟು ಸಣ್ಣ ಸಣ್ಣ ಗುಡಿಗಳು, ಶಿಖರ ಸಮೇತ. ಎಲ್ಲ ಗುಡಿಗಳಲ್ಲೂ ಕತ್ತೆತ್ತಿ ನೋಡಬೇಕಾದ ಶಿಖರ ಇಲ್ಲಿ ನಮ್ಮ ಕಾಲಿನ ಕೆಳಗಿದೆ. ಅದೇ ಹೊಯ್ಸಳ ಶಿಲ್ಪ, ಅದೇ ಅಚ್ಚುಕಟ್ಟು. ಆದರೆ ಇಲ್ಲಿ ಶಿಲ್ಪಿ ಎಲ್ಲಿ ನಿಲ್ಲಿಸಬೇಕು ಅಂತ ತಿಳಿದಿದ್ದಾನೆ. ಗುಡಿಗೂ ಗುಡಿಗೂ ನಡುವೆ ಬರಿಯ ಮೆಟ್ಟಿಲು ಬಿಟ್ಟಿದ್ದಾನೆ, ಕಣ್ಣಿಗೂ ಕಾಲಿಗೂ ದಾರಿ ಇರಲಿ ಅಂತ.

ಇಲ್ಲಿಯೂ ಗೈಡುಗಳ ಲೆಕ್ಕ ಇದೆ. ಗುಡಿಗಳು 27, ಅಂದರೆ 27 ನಕ್ಷತ್ರ. ಇವುಗಳಲ್ಲಿ ದೊಡ್ಡವು 12, ಅಂದರೆ 12 ರಾಶಿ. ಶಾಂತಲೆ ಇಲ್ಲಿ ಸ್ನಾನಕ್ಕೆ ಬರುತ್ತಿದ್ದಳು. ಹಳೆಯ ಕಲ್ಲು ಕಂಡಲ್ಲೆಲ್ಲ ಒಂದು ಪಂಚಾಂಗ, ಒಬ್ಬಳು ರಾಣಿ ಇದ್ದೇ ಇರಬೇಕು ನಮಗೆ. ಇಂಥ ಲೆಕ್ಕದ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಅದು ನೋಡುವ ಕೆಲಸವನ್ನು ಅಲ್ಲಿಗೇ ಮುಗಿಸಿಬಿಡುತ್ತೆ. 27 ಅಂದ ಕೂಡಲೇ "ಓಹೋ" ಅಂತ ಕಾರು ಹತ್ತುತ್ತೇವೆ. ಯಾರು ಇಳಿದರು, ಎಲ್ಲಿ ಕಾಲಿಟ್ಟರು, ಕೊಡ ಎಲ್ಲಿ ಇಳಿಸಿದರು, ಬೇಸಿಗೆಯಲ್ಲಿ ಎಷ್ಟು ಮೆಟ್ಟಿಲು ಹೆಚ್ಚಾಗುತ್ತಿದ್ದವು, ಇದ್ಯಾವುದನ್ನೂ ಕೇಳುವುದಿಲ್ಲ.

ಕೇಳಿದರೆ ಆ ಕೊಳ ಬೇರೆಯೇ ಆಗಿ ಕಾಣುತ್ತೆ. ದೇವಸ್ಥಾನದ ಗೋಡೆ ವರ್ಷವಿಡೀ ಒಂದೇ ಥರ ಇರುತ್ತೆ. ಕಲ್ಯಾಣಿ ಹಾಗಲ್ಲ. ಮಳೆಗಾಲದಲ್ಲಿ ನೀರು ಏರಿದ ಹಾಗೆ ಕೆಳಗಿನ ಸಾಲುಗಳು ಮುಳುಗುತ್ತವೆ, ಉಳಿದ ಶಿಖರಗಳು ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತವೆ. ಬೇಸಿಗೆ ಏರಿದ ಹಾಗೆ ಒಂದೊಂದೇ ಸಾಲು ಹೊರಗೆ ಬರುತ್ತೆ. ದಿನಾ ಬರುವವಳಿಗೆ ಅದು ಶಿಲ್ಪ ಅಷ್ಟೇ ಅಲ್ಲ, ಅಳತೆ ಕೋಲು ಕೂಡ. "ಎರಡನೇ ಸಾಲಿನ ಗುಡಿ ಕಾಣ್ತಾ ಐತೆ, ಇನ್ನು ನೀರು ಹಿಡಿತ ಮಾಡ್ಬೇಕು" ಅಂತ ಅಂದುಕೊಳ್ಳಬಹುದು. ಒಡವೆಯೇ ಸುದ್ದಿ ಹೇಳುತ್ತೆ. ನಮ್ಮ ಸರ್ಕಲ್ಲಿನ ಕಾರಂಜಿ ನೀರಿರುವ ಸುಳ್ಳು ಹೇಳಿತು. ಈ ಕೊಳ ಎಷ್ಟು ನೀರಿದೆಯೋ ಅಷ್ಟನ್ನೇ ಹೇಳುತ್ತೆ.

ನಾನು ಹೀಗೆಲ್ಲ ಯೋಚಿಸುತ್ತ ಫೋಟೊ ತೆಗೆಯುತ್ತಿದ್ದೆ. ತಿರುಗಿ ನೋಡಿದರೆ ಅಜ್ಜಿ ಅಂಚಿನಲ್ಲೇ ನಿಂತಿದ್ದಾರೆ, ಸೆರಗು ಹಿಡಿದುಕೊಂಡು. ಮೊಣಕಾಲು ನೋವಿರಬೇಕು ಅಂದುಕೊಂಡೆ. ಹತ್ತಿರ ಹೋದಾಗ ಮೆಲ್ಲಗೆ ಕೇಳಿದರು:

"ಇಳೀಬೋದೇನ್ಲಾ ಮಗ?"

ಆ ಮಾತಿನ ಅರ್ಥ ತಲೆಗೆ ಹೋಗಲು ನನಗೆ ಒಂದು ಗಳಿಗೆ ಬೇಕಾಯಿತು. ಅಜ್ಜಿ ಕಾಲು ನೋವಿನ ಮಾತು ಆಡುತ್ತಿರಲಿಲ್ಲ. ಅನುಮತಿ ಕೇಳುತ್ತಿದ್ದರು.

ಅವರ ಹಳ್ಳಿಯಲ್ಲಿಯೂ ಮೆಟ್ಟಿಲಿನ ಬಾವಿ ಒಂದಿತ್ತು. ನಮ್ಮ ಜನ ಅದರ ಮೆಟ್ಟಿಲು ಇಳಿಯುವ ಹಾಗಿರಲಿಲ್ಲ. ದೂರದಲ್ಲಿ ಕೊಡ ಇಟ್ಟು ನಿಂತು "ವಸಿ ನೀರ್ ಉಯ್ರವ್ವಾ" ಅಂತ ಕೂಗಬೇಕು. ಯಾರಿಗಾದರೂ ಕನಿಕರ ಬಂದು, ಅವರ ಮನೆಗೆ ತುಂಬಿದ ಮೇಲೆ, ಎತ್ತರದಿಂದ ಸುರಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಜ್ಜಿ ಚಿಕ್ಕ ಹುಡುಗಿಯಾಗಿದ್ದಾಗ ಒಂದು ದಿನ ಬೆಳಗಿನಿಂದ ಮಧ್ಯಾಹ್ನದ ತನಕ ನಿಂತಿದ್ದರಂತೆ. "ಬಾವಿ ಒಳಗೆ ಏನೇನೋ ಕೆತ್ತವ್ರೆ ಅಂತಿದ್ರು, ನಾನೆಲ್ ಕಂಡೆ" ಅಂತ ಎಷ್ಟೋ ಸಲ ಹೇಳಿದ್ದರು. ನಾನು ಅದನ್ನು ಅಜ್ಜಿಯ ಹಳೇ ಕತೆ ಅಂತ ಕೇಳಿಸಿಕೊಂಡಿದ್ದೆ, ಅಷ್ಟೆ.

ಹೊಯ್ಸಳರ ನೀರಿನ ಶಿಲ್ಪವನ್ನು ಹೊಗಳುವವರು, ನನ್ನನ್ನೂ ಸೇರಿಸಿ, ಬಿಟ್ಟುಬಿಡುವ ಮಾತು ಇದು. ಸಾರ್ವಜನಿಕ ಅನ್ನುವ ಪದವನ್ನು ಇಂಥ ಕೊಳಗಳಿಗೆ ನಾವು ಧಾರಾಳವಾಗಿ ಬಳಸುತ್ತೇವೆ. 1927ರ ಮಾರ್ಚಿ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ಮಹಾಡದ ಚವದಾರ್ ಕೆರೆಗೆ ನಡೆದು ಬೊಗಸೆಯಲ್ಲಿ ನೀರು ಕುಡಿದರು. ಕೆರೆಯ ನೀರು ಕುಡಿಯುವುದು ಚರಿತ್ರೆಯಲ್ಲಿ ದಾಖಲಾಗುವ ಘಟನೆ ಆಗಬೇಕಾದರೆ ಅದಕ್ಕೆ ಮೊದಲು ಆ ಕೆರೆ ಯಾರದಾಗಿತ್ತು? ಹಳೆಯ ರೈಲ್ವೆ ಸ್ಟೇಷನ್ನುಗಳಲ್ಲಿ ಹಿಂದೂ ನೀರು, ಮುಸ್ಲಿಂ ನೀರು ಅಂತ ಬೇರೆ ಬೇರೆ ಇಡುತ್ತಿದ್ದರು. ಅರಸೀಕೆರೆ ಜಂಕ್ಷನ್ನಿನ ನಲ್ಲಿಗೆ ಇವತ್ತು ಯಾರು ಬೇಕಾದರೂ ಬಾಯಿ ಒಡ್ಡುತ್ತಾರೆ. ಆ ನಲ್ಲಿಯಲ್ಲಿ ಒಂದು ಗೆರೆ ಕೆತ್ತನೆಯೂ ಇಲ್ಲ. ನಮ್ಮ ನಾಡಿನಲ್ಲಿ ಅಂದದ ನೀರಿಗೆ ಬಾಗಿಲು ಇತ್ತು. ಬಾಗಿಲಿಲ್ಲದ ನೀರು ಬಂದಾಗ ಅಂದವನ್ನು ಯಾರೂ ಕೇಳಲೇ ಇಲ್ಲ.

ಇಲ್ಲಿ ದೂರದ ಒಂದು ಊರಿನ ವಿಷಯ ಹೇಳಬೇಕು. ಅಲ್ಲಿಯೂ ಆನೆಗಳಿವೆ, ನೀರಿದೆ, ನಮ್ಮ ದೇಶದ ದುಡ್ಡೂ ಇದೆ. ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳ ತಪ್ಪಲಿನಲ್ಲಿ ಶಾಂಬೇರಿ ಅಂತ ಒಂದು ಊರು. ಅಲ್ಲಿ 1751ರಲ್ಲಿ ಹುಟ್ಟಿದ ಬೆನ್ವಾ ದ ಬ್ವಾನ್ಯ್ ಅನ್ನುವವನು ಸಿಪಾಯಿ ಕೆಲಸ ಹುಡುಕಿಕೊಂಡು ದೇಶ ದೇಶ ತಿರುಗಿ 1778ರಲ್ಲಿ ಮದ್ರಾಸಿಗೆ ಬಂದ. ಆಮೇಲೆ ಉತ್ತರಕ್ಕೆ ಹೋಗಿ ಮಹಾದಜಿ ಸಿಂಧಿಯಾನ ಕೈಕೆಳಗೆ ಸೇರಿದ. ಮರಾಠರ ಪದಾತಿಗೆ ಯುರೋಪಿನ ಕವಾಯತು ಕಲಿಸಿದ. 1790ರಲ್ಲಿ ಪಾಟನ್, ಮೇಡ್ತಾ ಯುದ್ಧಗಳನ್ನು ಗೆದ್ದುಕೊಟ್ಟ. ಕೈತುಂಬ ದುಡ್ಡು ಮಾಡಿಕೊಂಡು ಯುರೋಪಿಗೆ ಮರಳಿದ, ಮುದುಕನಾದ ಮೇಲೆ ಹುಟ್ಟೂರಿಗೆ ಧಾರಾಳವಾಗಿ ದಾನ ಮಾಡಿ 1830ರಲ್ಲಿ ಸತ್ತ. ಊರಿನವರು ಅವನ ನೆನಪಿಗೆ 1838ರಲ್ಲಿ ಒಂದು ಕಾರಂಜಿ ಕಟ್ಟಿಸಿದರು. ಶಿಲ್ಪಿ ಪಿಯೆರ್ ವಿಕ್ಟರ್ ಸಪ್ಪೆ. ಎತ್ತರದ ಕಂಬದ ತುದಿಯಲ್ಲಿ ದ ಬ್ವಾನ್ಯ್, ಬುಡದಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಆನೆ, ಸೊಂಡಿಲಿನಿಂದ ಬೀಳುವ ನೀರು.

ಒಂದೇ ತಮಾಷೆ. ಆ ನಾಲ್ಕು ಆನೆಗಳು ಬೆನ್ನಿಗೆ ಬೆನ್ನು ಅಂಟಿಸಿಕೊಂಡು ಕಂಬದೊಳಗಿನಿಂದ ಹೊರಬಂದ ಹಾಗಿವೆ, ಮುಂಭಾಗ ಮಾತ್ರ ಇದೆ. ಊರಿನ ಜನ ಅದಕ್ಕೆ ಕೂಡಲೇ ಹೆಸರಿಟ್ಟರು. ಮರ್ಯಾದೆ ಬಿಟ್ಟು ಕನ್ನಡದಲ್ಲಿ ಹೇಳಬೇಕೆಂದರೆ, 'ಕುಂಡಿಯಿಲ್ಲದ ನಾಲ್ವರು'. ಇವತ್ತಿಗೂ ಆ ಊರಿನಲ್ಲಿ ಆ ಹೆಸರು ಓಡುತ್ತೆ.

ಶಿಲ್ಪವಾಗಿ ನೋಡಿದರೆ ನಮ್ಮವರ ಕೈ ಮೇಲು ಅಂತ ಸಂಕೋಚವಿಲ್ಲದೆ ಹೇಳುತ್ತೇನೆ. ಬೇಲೂರಿಗೆ ಹೋಗಿ ನೋಡಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿದ ಚೆನ್ನಕೇಶವ ದೇವಸ್ಥಾನಕ್ಕೆ ಅವನ ಮೊಮ್ಮಗ ಇಮ್ಮಡಿ ವೀರಬಲ್ಲಾಳ 1175ರಲ್ಲಿ ಅಡುಗೆಶಾಲೆ, ಕಣಜ, ಈಶಾನ್ಯದ ಮೂಲೆಗೆ ಒಂದು ಕಲ್ಯಾಣಿ ಸೇರಿಸಿದ. ವಾಸುದೇವ ತೀರ್ಥ ಅನ್ನುತ್ತಾರೆ. ಅದರ ಬಳಿ ಎರಡು ಕಲ್ಲಾನೆ ನಿಂತಿವೆ. ಕುಂಡಿಯೂ ಇದೆ, ಬಾಲವೂ ಇದೆ! ನನಗೆ ಆ ಆನೆಗಳಿಗಿಂತ ಹಿಡಿಸುವುದು ರಾಜನ ಪಟ್ಟಿ: ಅಡುಗೆ, ದವಸ, ನೀರು. ಮೂರೂ ಒಂದೇ ಉಸಿರಿಗೆ. ಅಂದ ಅನ್ನುವುದು ಆ ಕಾಲಕ್ಕೆ ಊಟ ನೀರಿನಿಂದ ಬೇರೆಯಾಗಿರಲಿಲ್ಲ. ಆದರೆ ಆ ಆನೆಗಳು ಹುಳಿಕೆರೆಯ ಗುಡಿಗಳಷ್ಟು ಕೆಲಸ ಮಾಡುವುದಿಲ್ಲ ಎನ್ನುವುದೂ ನಿಜ. ಬಾಗಿಲು ಕಾಯುವ ಆಳುಗಳ ಹಾಗೆ ನಿಂತಿವೆ. ನೀರು ಏರಲಿ ಇಳಿಯಲಿ, ಅವಕ್ಕೆ ಸಂಬಂಧವಿಲ್ಲ. ಜನ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡು ಹೋಗುತ್ತಾರೆ, ಕೆಳಗೆ ಬಗ್ಗಿ ನೋಡುವವರು ಕಡಿಮೆ.

ಹಾಗಾದರೆ ಶಾಂಬೇರಿಯ ಅರ್ಧ ಆನೆಗಳ ವಿಷಯ ಯಾಕೆ ತಂದೆ? ಅವು ಬೀದಿಯಲ್ಲಿ ನಿಂತಿವೆ ಅನ್ನುವ ಒಂದೇ ಕಾರಣಕ್ಕೆ. ನಮ್ಮ ದೇಶದಲ್ಲಿ ಯುದ್ಧ ಮಾಡಿ ಸಂಪಾದಿಸಿದ ದುಡ್ಡು ಅದರ ಹಿಂದಿದೆ, ಅದನ್ನು ನಾನು ಮರೆತಿಲ್ಲ. ಕಂಬದ ಮೇಲೆ ನಿಂತವನನ್ನು ಪೂಜಿಸುವುದಕ್ಕೂ ನನಗೆ ಇಷ್ಟವಿಲ್ಲ. ಆದರೆ ಅದಕ್ಕೆ ಅಂಚು ಕಾಯುವವರಿಲ್ಲ. ದಾರಿಯಲ್ಲಿ ಹೋಗುವ ಯಾರು ಬೇಕಾದರೂ ಹತ್ತಿರ ಹೋಗಿ, ಆನೆಗೆ ಕುಂಡಿ ಇಲ್ಲವಲ್ಲ ಅಂತ ನಗಬಹುದು. ಅಡ್ಡಹೆಸರು ಇಡುವುದು ಸಣ್ಣ ವಿಷಯವಲ್ಲ. ತಮ್ಮದಲ್ಲದ್ದಕ್ಕೆ ಜನ ಅಡ್ಡಹೆಸರು ಇಡೋಲ್ಲ. ನಮ್ಮ ಕಲ್ಯಾಣಿಗಳಿಗೆ ತೀರ್ಥ, ಪುಷ್ಕರಣಿ, ಸರೋವರ ಅಂತ ಎಲ್ಲ ದೊಡ್ಡ ಹೆಸರುಗಳೇ. ನಗುವ ಹೆಸರು ಒಂದನ್ನೂ ನಾನು ಕೇಳಿಲ್ಲ. ದೂರ ನಿಂತವರು ಹೇಗೆ ನಗುತ್ತಾರೆ?

ಇನ್ನು ನಮ್ಮ ಸರ್ಕಲ್ಲಿನ ಕಾರಂಜಿಗೆ ಬರೋಣ. ಅದು ಎಲ್ಲರಿಗೂ ತೆರೆದ ಜಾಗದಲ್ಲೇ ಇದೆ, ಒಪ್ಪಿದೆ. ಹಾಗಿದ್ದೂ ಅದು ಸೋತದ್ದು ಯಾಕೆ?

ಮೊದಲನೆಯದು, ಅದಕ್ಕೆ ಕೆಲಸ ಇರಲಿಲ್ಲ. ಕೆ.ಆರ್.ಎಸ್. ಅಣೆಕಟ್ಟೆಯ ಬುಡದಲ್ಲಿ ಬೃಂದಾವನ ಇದೆ. ಅಲ್ಲಿ ಕಾರಂಜಿ ಕುಣಿದರೆ ಅದಕ್ಕೊಂದು ಅರ್ಥವಿದೆ, ಹಿಂದೆ ಕಾವೇರಿ ನಿಂತಿದ್ದಾಳೆ. ಶಾಲೆಯ ಪ್ರವಾಸದಲ್ಲಿ ಅದನ್ನು ನೋಡಿ ಬಂದ ನಾವೆಲ್ಲ ದೊಡ್ಡವರಾಗಿ ಮೆಂಬರುಗಳೋ ಇಂಜಿನಿಯರುಗಳೋ ಆದಾಗ ನಮ್ಮೂರಿಗೂ ಒಂದು ಬೇಕು ಅನ್ನಿಸಿತು. ಆದರೆ ನಮ್ಮೂರಿನ ಹಿಂದೆ ನಿಂತಿರುವುದು ಟ್ಯಾಂಕರು. ತೆಂಗಿನ ತೋಟಗಳೇ ಒಣಗುವ ಸೀಮೆಯಲ್ಲಿ ನೀರನ್ನು ಗಾಳಿಗೆ ಎಸೆದು ತೋರಿಸುವುದು ಅಂದವಲ್ಲ, ಉಪವಾಸ ಇದ್ದವರ ಮುಂದೆ ಹೋಳಿಗೆ ಎಸೆದು ಆಡಿದ ಹಾಗೆ.

ಎರಡನೆಯದು, ಅದಕ್ಕೆ ಬಿತ್ತುವಟ್ಟ ಇರಲಿಲ್ಲ. ಈ ಪದ ಈಗ ಶಾಸನ ಓದುವವರ ಬಾಯಲ್ಲಿ ಮಾತ್ರ ಉಳಿದಿದೆ. ಕೆರೆ ಕಟ್ಟಿಸಿದವರು ಅದರ ದುರಸ್ತಿಗೆ, ಹೂಳೆತ್ತಲು ಅಂತ ಭೂಮಿಯನ್ನೋ ಭೂಮಿಯ ಆದಾಯವನ್ನೋ ಬಿಡುತ್ತಿದ್ದರು. ಅದಕ್ಕೆ ಬಿತ್ತುವಟ್ಟ ಅನ್ನುತ್ತಿದ್ದರು. ಕಟ್ಟುವುದು ಒಂದು ದಿನದ ಪುಣ್ಯ, ಕಾಪಾಡುವುದು ನೂರು ವರ್ಷದ ಖರ್ಚು ಅಂತ ಅವರಿಗೆ ಗೊತ್ತಿತ್ತು. ನಮ್ಮ ಕಾರಂಜಿಯ ಉದ್ಘಾಟನೆಯ ಕಲ್ಲಿನಲ್ಲಿ ಹೆಸರುಗಳಿವೆ, ಹುದ್ದೆಗಳಿವೆ, ಅಧ್ಯಕ್ಷತೆ ಉಪಸ್ಥಿತಿ ಎಲ್ಲ ಇದೆ. ಮೋಟಾರು ಕೆಟ್ಟರೆ ಯಾರು ನೋಡಬೇಕು ಅನ್ನುವ ಒಂದು ಸಾಲು ಇಲ್ಲ. ಶಾಸನ ಬರೆಯುವ ಚಟವನ್ನು ಹೊಯ್ಸಳರಿಂದ ಕಲಿತೆವು, ಶಾಸನದೊಳಗೆ ಏನು ಬರೆಯಬೇಕು ಅನ್ನುವುದನ್ನು ಬಿಟ್ಟೆವು.

ಮೂರನೆಯದು, ಅದರಲ್ಲಿ ಕೈಗೆ ನೀರು ಸಿಗುವುದಿಲ್ಲ. ನೋಡು, ಮುಟ್ಟಬೇಡ ಅನ್ನುವ ನೀರು ಅದು. ಒಂದು ಲೆಕ್ಕದಲ್ಲಿ ಅಜ್ಜಿಯ ಬಾವಿಯೂ ಅದೇ ಮಾತು ಹೇಳಿತ್ತು.

ಇದಕ್ಕೆ ಎದುರು ಮಾತು ಇದೆ, ಗೊತ್ತು. ಎಲ್ಲಕ್ಕೂ ಉಪಯೋಗ ಕೇಳಿದರೆ ಕಲೆ ಉಳಿಯುತ್ತದೆಯೇ? ಮದನಿಕೆಯರಿಂದ ಏನು ಉಪಯೋಗ? ಒಪ್ಪುತ್ತೇನೆ, ಮದನಿಕೆ ಸುಮ್ಮನೆ ನಿಂತಿದ್ದರೆ ಸಾಕು. ಆದರೆ ಮದನಿಕೆಗೆ ಹಾಕಿದ ಕಲ್ಲನ್ನು ಯಾರ ಮನೆಯ ಕೊಡದಿಂದಲೂ ತಂದಿರಲಿಲ್ಲ. ನೀರು ಹಾಗಲ್ಲ. ನೀರಿನಿಂದ ಮಾಡಿದ ಅಂದಕ್ಕೆ ಕೊಡಗಳಿಗೆ ಲೆಕ್ಕ ಒಪ್ಪಿಸುವ ಹೊಣೆ ಇದೆ. ಹುಳಿಕೆರೆಯ ಶಿಲ್ಪಿ ಆ ಲೆಕ್ಕ ಒಪ್ಪಿಸಿದ್ದಾನೆ. ಅವನ ಕಾಲದ ಸಮಾಜ ಒಪ್ಪಿಸಲಿಲ್ಲ. ಇವೆರಡನ್ನೂ ಒಟ್ಟಿಗೆ ಹೇಳದೆ ಆ ಕೊಳದ ಬಗ್ಗೆ ಬರೆಯಬಾರದು ಅಂತ ನನಗೆ ಅನ್ನಿಸುವುದು. ಬರೀ ಹೊಗಳಿದರೆ ಅಜ್ಜಿಗೆ ಮೋಸ, ಬರೀ ಬೈದರೆ ಕಲ್ಲು ಹೊಡೆದವನಿಗೆ ಮೋಸ. ಆ ಗುಡಿಗಳನ್ನು ಕೆತ್ತಿ, ಮೆಟ್ಟಿಲು ಹೊತ್ತು ಕೂರಿಸಿದವರಲ್ಲಿ ಎಷ್ಟು ಜನರಿಗೆ ಕೊಳ ತುಂಬಿದ ಮೇಲೆ ಇಳಿಯುವ ಹಕ್ಕು ಉಳಿದಿತ್ತೋ.

ಆ ದಿನ ಅಜ್ಜಿಗೆ, "ಇಳೀಬೋದು ಬಾರಜ್ಜಿ, ಯಾರೂ ಏನೂ ಅನ್ನಲ್ಲ" ಅಂದೆ. ಕೈ ಹಿಡಿದುಕೊಂಡೆ. ಒಂದೊಂದೇ ಮೆಟ್ಟಿಲು, ಎರಡೂ ಕಾಲು ಇಟ್ಟು ನಿಂತು, ಮತ್ತೆ ಇನ್ನೊಂದು. ಅರ್ಧ ದಾರಿಯಲ್ಲಿ ಒಂದು ಪುಟ್ಟ ಗುಡಿಯ ಹತ್ತಿರ ಕೂತರು. ಗೂಡಿನಲ್ಲಿ ಮೂರ್ತಿ ಇರಲಿಲ್ಲ. ಗೂಡಿನೊಳಗೆ ಕೈ ಹಾಕಿ ಸವರಿ ನೋಡಿದರು, ಶಿಖರದ ಮೇಲೆ ಕೈ ಆಡಿಸಿದರು, ಮೊಮ್ಮಗುವಿನ ತಲೆ ಸವರಿದ ಹಾಗೆ. ಕಣ್ಣೀರು ಗಿಣ್ಣೀರು ಏನೂ ಇಲ್ಲ. ಕೊನೆಗೆ ನೀರಿನ ಕಡೆ ನೋಡಿ, "ಪಾಚಿ ಕಟ್ಟೈತಲ್ಲೋ. ಯಾರೂ ಬಳಸಲ್ವಾ?" ಅಂದರು. ಬಳಸಲ್ಲ ಅಂದೆ. "ಬಳಸ್ದಿದ್ರೆ ನೀರು ಕೆಟ್ಟೋಯ್ತದೆ" ಅಂದರು. ನಾನು ಇಷ್ಟುದ್ದ ಬರೆದ ವಿಮರ್ಶೆಯನ್ನು ಅವರು ಎರಡು ಮಾತಿನಲ್ಲಿ ಮುಗಿಸಿದ್ದರು.

ಹುಳಿಕೆರೆಗೆ ಇವತ್ತು ಬೇಕಾಗಿರುವುದು ಇನ್ನೊಂದು ಬೋರ್ಡಲ್ಲ, ಬಣ್ಣದ ದೀಪವಂತೂ ಅಲ್ಲವೇ ಅಲ್ಲ. ನೀರು ತಿಳಿಯಾಗಿರಬೇಕು. ವರ್ಷಕ್ಕೆ ಒಮ್ಮೆ ಹೂಳೆತ್ತುವ ಏರ್ಪಾಡಿರಬೇಕು, ಅಂದರೆ ಇವತ್ತಿನ ಬಿತ್ತುವಟ್ಟ. ಹಳೇಬೀಡಿಗೆ ಬರುವ ಶಾಲೆಯ ಮಕ್ಕಳ ಬಸ್ಸು ಅಲ್ಲಿಗೂ ಹೋಗಬೇಕು. ಮೇಷ್ಟ್ರು 27 ನಕ್ಷತ್ರದ ಲೆಕ್ಕ ಹೇಳಲಿ, ಬೇಡ ಅನ್ನೋಲ್ಲ. ಅದರ ಜೊತೆಗೆ ಈ ಮೆಟ್ಟಿಲು ಇಳಿಯಲಾಗದೆ ನಿಂತವರು ಯಾರು ಅನ್ನುವುದನ್ನೂ ಹೇಳಲಿ. ಮತ್ತೆ ನಮ್ಮ ಸರ್ಕಲ್ಲಿನ ಕಾರಂಜಿ? ಅದನ್ನು ಒಡೆಯುವುದು ಬೇಡ. ಆ ಸಿಮೆಂಟಿನ ಕಮಲದ ಸುತ್ತ ನಾಲ್ಕು ನಲ್ಲಿ ಕೂರಿಸಿ, ಬಸ್ಸಿಗೆ ಕಾಯುವವರು ಕುಡಿಯುವ ಹಾಗೆ. ನಮ್ಮ ಕಡೆ ಕಲ್ಲು ಕೆಲಸ ಬಲ್ಲವರು ಇನ್ನೂ ಇದ್ದಾರೆ. ಅವರಿಂದ ಒಂದು ಮಕರದ ಬಾಯಿಯನ್ನೋ ಆನೆಯ ಸೊಂಡಿಲನ್ನೋ ಮಾಡಿಸಿ. ಆನೆಗೆ ಕುಂಡಿ ಇಲ್ಲದಿದ್ದರೂ ಪರವಾಗಿಲ್ಲ, ಜನ ಹೆಸರಿಟ್ಟುಕೊಳ್ಳುತ್ತಾರೆ.

ಅಜ್ಜಿ ಈಗಿಲ್ಲ. ಅವರ ಹಟ್ಟಿಗೆ ಬೋರ್‌ವೆಲ್ಲಿನ ಕೈಪಂಪು ಬಂದ ವರ್ಷ ಅವರು ಮಾಡಿದ ಒಂದು ಕೆಲಸವನ್ನು ಅಮ್ಮ ಆಗಾಗ ಹೇಳುತ್ತಾಳೆ. ಮೊದಲ ದಿನ ಯಾರೂ ಪಂಪು ಒತ್ತುವುದಕ್ಕೆ ಬಿಡಲಿಲ್ಲವಂತೆ. ಕಬ್ಬಿಣದ ಆ ಕಂಬವನ್ನು ತೊಳೆದು, ಅರಿಶಿನ ಬಳಿದು, ಕುಂಕುಮ ಇಟ್ಟು, ಒಂದು ಮೊಳ ಸೇವಂತಿಗೆ ಸುತ್ತಿ, ಆಮೇಲೆ "ಈಗ ಒತ್ತಿ" ಅಂದರಂತೆ. ಆ ಮೇಲೆ ಪ್ರತಿ ಆಯುಧಪೂಜೆಗೂ ಅದಕ್ಕೆ ಹೂವು ತಪ್ಪಿಸಲಿಲ್ಲ.